ಲಕ್ಷ ವ್ಯೂಸ್ ಬಂದ್ರೆ ಎಷ್ಟು ಬರುತ್ತೆ?

ಯೂಟ್ಯೂಬಿನಲ್ಲಿ ಚಾನೆಲ್ ಇಟ್ಟವರನ್ನು ಮದುವೆ ಊಟದ ಪಂಕ್ತಿಯಲ್ಲೋ ಬಸ್‌ಸ್ಟ್ಯಾಂಡಿನಲ್ಲೋ ಕಂಡವರು ಕ್ಷೇಮ ಸಮಾಚಾರ ಮುಗಿಯುವ ಮೊದಲೇ ಕೇಳುವ ಪ್ರಶ್ನೆಯೊಂದಿದೆ: ‘ಲಕ್ಷ ವ್ಯೂಸ್ ಬಂದ್ರೆ ಎಷ್ಟು ಬರುತ್ತೆ?’ ಅವರು ನಕ್ಕು ‘ಹೇಳೋಕಾಗಲ್ಲ ಸಾರ್’ ಅನ್ನುತ್ತಾರೆ. ಆದಾಯ ಮುಚ್ಚಿಡುತ್ತಿದ್ದಾನೆ ಎಂದು ಕೇಳಿದವರು ಅಂದುಕೊಳ್ಳುತ್ತಾರೆ. ಆದರೆ ಬಹಳಷ್ಟು ಸಲ ಆ ಉತ್ತರ ನಿಜವೇ. ಹೋದ ತಿಂಗಳ ಲಕ್ಷ ವ್ಯೂಸ್‌ಗೆ ಎಷ್ಟು ಬಂತೆಂದು ಅವರಿಗೆ ಗೊತ್ತು. ಈ ತಿಂಗಳು ಎಷ್ಟು ಬರುತ್ತದೆಂದು ಗೊತ್ತಿಲ್ಲ. ಕಡಿಮೆ ಬಂದರೆ ಯಾಕೆ ಕಡಿಮೆಯಾಯಿತೆಂದು, ದುಡ್ಡು ಖಾತೆಗೆ ಬಿದ್ದ ಮೇಲೂ ಸರಿಯಾಗಿ ಗೊತ್ತಾಗುವುದಿಲ್ಲ. ವಿಡಿಯೊ ಮಾಡುವವರಿಗೆ ನ್ಯಾಯವಾದ ಪಾಲು ಸಿಗುತ್ತಿದೆಯೇ ಎಂಬ ಚರ್ಚೆ ಶುರುವಾದಾಗಲೆಲ್ಲ ಶೇಕಡಾ ಎಷ್ಟು ಎಂಬಲ್ಲಿಗೇ ಹೋಗಿ ನಿಲ್ಲುತ್ತದೆ. ನನಗೆ ಕಾಣುವ ತಕರಾರು ಶೇಕಡಾವಾರಿಗಿಂತ ಹೆಚ್ಚಾಗಿ ಈ ಗೊತ್ತಾಗದಿರುವಿಕೆಯಲ್ಲಿದೆ.

ಮೊದಲು ದುಡ್ಡು ಎಲ್ಲಿಂದ ಬರುತ್ತದೆ ನೋಡೋಣ. ವ್ಯೂಸ್‌ಗೆ ಯೂಟ್ಯೂಬ್ ದುಡ್ಡು ಕೊಡುವುದಿಲ್ಲ. ವಿಡಿಯೊದ ಮೊದಲು, ನಡುವೆ, ಪಕ್ಕದಲ್ಲಿ ಬರುವ ಜಾಹೀರಾತಿಗೆ ಜಾಹೀರಾತುದಾರ ಕೊಟ್ಟದ್ದರಲ್ಲಿ ಪಾಲು ಕೊಡುತ್ತದೆ. ಆ ಜಾಹೀರಾತಿನ ಬೆಲೆ ಪ್ರತಿ ಸಲವೂ ಹರಾಜಿನಲ್ಲಿ ನಿಗದಿಯಾಗುತ್ತದೆ, ಅದೂ ನೀವು ವಿಡಿಯೊ ಒತ್ತಿ ಅದು ತೆರೆದುಕೊಳ್ಳುವ ಕ್ಷಣಮಾತ್ರದಲ್ಲಿ. ನೋಡುವವರು ಯಾವ ದೇಶದಲ್ಲಿದ್ದಾರೆ, ಯಾವ ಭಾಷೆಯ ವಿಡಿಯೊ, ವಿಷಯ ಮ್ಯೂಚುವಲ್ ಫಂಡೋ ಮೆಣಸಿನಕಾಯಿ ಬಜ್ಜಿಯೋ, ಇದು ದೀಪಾವಳಿಯ ತಿಂಗಳೋ ಜನವರಿಯೋ, ಎಲ್ಲವೂ ಬೆಲೆಯನ್ನು ಏರಿಸಿ ಇಳಿಸುತ್ತವೆ. ಹಬ್ಬದ ಸೀಸನ್ನಿನಲ್ಲಿ ಕಂಪನಿಗಳು ಜಾಹೀರಾತಿಗೆ ಸುರಿಯುತ್ತವೆ, ಹೊಸ ವರ್ಷ ಬರುತ್ತಲೇ ಕೈ ಬಿಗಿ ಮಾಡುತ್ತವೆ. ಹಾಗಾಗಿ ಡಿಸೆಂಬರಿನಲ್ಲಿ ನಗುತ್ತಿದ್ದ ಯೂಟ್ಯೂಬರ್ ಜನವರಿಯಲ್ಲಿ ಮುಖ ಸಣ್ಣ ಮಾಡಿಕೊಳ್ಳುವುದು ಪ್ರತಿ ವರ್ಷದ ಕಥೆ. ಇನ್ನು ಗದಗಿನಲ್ಲಿ ಕೂತು ನೋಡಿದ ವ್ಯೂ ಮತ್ತು ನ್ಯೂಜೆರ್ಸಿಯಲ್ಲಿ ಕೂತ ಕನ್ನಡಿಗರು ನೋಡಿದ ವ್ಯೂ ಎಣಿಕೆಯಲ್ಲಿ ಒಂದೇ, ಬೆಲೆಯಲ್ಲಿ ಅಜಗಜಾಂತರ. ಅಮೆರಿಕದಲ್ಲಿರುವವರಿಗೆ ಕಾರು, ವಿಮೆ ಮಾರಲು ಕಂಪನಿಗಳು ಪೈಪೋಟಿಗೆ ಬೀಳುತ್ತವೆ. ಕನ್ನಡದ ಚಾನೆಲ್ಲುಗಳು ‘ಅಮೆರಿಕದ ಕನ್ನಡಿಗರೇ’ ಎಂದು ಆಗಾಗ ವಿಶೇಷವಾಗಿ ಕೂಗಿ ಕರೆಯುವುದರ ಹಿಂದೆ ಪ್ರೀತಿಯ ಜೊತೆ ಈ ಲೆಕ್ಕವೂ ಇದ್ದೀತು.

ಹರಾಜಿನಲ್ಲಿ ಬಂದ ದುಡ್ಡನ್ನು ಹಂಚುವ ರೀತಿ ಹೀಗೆ: ಮಾಮೂಲಿ ಉದ್ದದ ವಿಡಿಯೊದಲ್ಲಿ ನೂರು ರೂಪಾಯಿಗೆ 55 ಮಾಡಿದವರಿಗೆ, 45 ಯೂಟ್ಯೂಬಿಗೆ. ನೋಡುಗರು ಲೈವ್‌ನಲ್ಲಿ ಸೂಪರ್ ಚಾಟ್ ಕಳಿಸಿದರೆ, ಚಾನೆಲ್ಲಿನ ಮೆಂಬರ್‌ಶಿಪ್ ತಗೊಂಡರೆ, ತೆರಿಗೆ ಮತ್ತಿತರ ಕಡಿತ ಕಳೆದು 70 ಮಾಡಿದವರಿಗೆ. ಶಾರ್ಟ್ಸ್ ಕಥೆಯೇ ಬೇರೆ. ಬೆರಳಿನಿಂದ ತಳ್ಳುತ್ತಾ ಹೋಗುವ ಸಾಲಿನಲ್ಲಿ ಎರಡು ವಿಡಿಯೊಗಳ ನಡುವೆ ಬಂದ ಜಾಹೀರಾತು ಯಾರದ್ದೆಂದು ಹೇಳುವುದು ಹೇಗೆ? 2023ರ ಫೆಬ್ರವರಿಯಿಂದ ಯೂಟ್ಯೂಬ್ ಮಾಡಿದ ವ್ಯವಸ್ಥೆಯಲ್ಲಿ ಆ ಎಲ್ಲ ಜಾಹೀರಾತಿನ ದುಡ್ಡೂ ಒಂದೆಡೆ ಸೇರುತ್ತದೆ. ವಿಡಿಯೊದಲ್ಲಿ ಒಂದು ಹಾಡು ಬಳಸಿದ್ದರೆ ಅದರ ಪಾಲಿನ ಅರ್ಧ ಸಂಗೀತದವರ ಕಡೆಗೆ, ಎರಡು ಹಾಡು ಬಳಸಿದ್ದರೆ ಮೂರರಲ್ಲಿ ಎರಡು ಭಾಗ ಅವರ ಕಡೆಗೆ ಹೋಗುತ್ತದೆ. ಉಳಿದದ್ದನ್ನು ಆಯಾ ದೇಶದ ವ್ಯೂಸ್ ಪ್ರಕಾರ ಹಂಚಿ, ಹಾಗೆ ಹಂಚಿದ್ದರಲ್ಲಿ 45 ಭಾಗವನ್ನು ಮಾಡಿದವರಿಗೆ ಕೊಡುತ್ತದೆ. ಇದನ್ನು ಎರಡು ಸಲ ಓದಿದರೂ ತಲೆಗೆ ಹತ್ತದಿದ್ದರೆ ತಪ್ಪು ನಿಮ್ಮದಲ್ಲ. ಅರವತ್ತು ಸೆಕೆಂಡಿನ ಶಾರ್ಟ್ಸ್‌ಗೆ ಕೋಟಿ ವ್ಯೂಸ್ ಬಂದವರೂ ಕೈಗೆ ಬಂದದ್ದನ್ನು ನೋಡಿ ಗಾಬರಿಯಾಗುವುದು ಈ ಬಸಿಯುವಿಕೆಯಿಂದ.

55 ಭಾಗ ಕೆಟ್ಟ ಪಾಲೇ? ಖಂಡಿತ ಅಲ್ಲ. ದೂರದರ್ಶನದಲ್ಲಾಗಲಿ ಖಾಸಗಿ ಚಾನೆಲ್ಲಿನಲ್ಲಾಗಲಿ ಹೊಸಬರ ಕಾರ್ಯಕ್ರಮಕ್ಕೆ ಬಂದ ಜಾಹೀರಾತಿನಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಅವರಿಗೇ ಬಿಟ್ಟುಕೊಟ್ಟದ್ದುಂಟೇ? ಸೀರಿಯಲ್ಲಿಗೆ ಕಥೆ ಬರೆದವರನ್ನು ಕೇಳಿ ನೋಡಿ. ಯೂಟ್ಯೂಬ್ 2005ರಲ್ಲಿ ಹುಟ್ಟಿತು. 2006ರಲ್ಲಿ ಗೂಗಲ್ ಅದನ್ನು 165 ಕೋಟಿ ಡಾಲರಿಗೆ ಕೊಂಡಿತು. ಮರುವರ್ಷವೇ, 2007ರಲ್ಲಿ, ಪಾರ್ಟ್ನರ್ ಪ್ರೋಗ್ರಾಂ ತಂದು ಮಾಡಿದವರಿಗೆ ಪಾಲು ಕೊಡಲು ಶುರುಮಾಡಿತು. ಅಷ್ಟು ದೊಡ್ಡ ವಿಡಿಯೊ ಗೋದಾಮನ್ನು ಕಾಸಿಲ್ಲದೆ ಬಳಸಲು ಬಿಟ್ಟು, ಮೇಲೆ ಪಾಲೂ ಕೊಟ್ಟದ್ದು ಆಗ ಅಪರೂಪದ ವಿಷಯ. ಡಾ. ಬ್ರೋ ತರಹದ ಪ್ರವಾಸಿ, ಕನ್ನಡದಲ್ಲೇ ಮಾತಾಡುತ್ತಾ ದೇಶದೇಶ ತಿರುಗಿ ಅದನ್ನೇ ವೃತ್ತಿ ಮಾಡಿಕೊಂಡದ್ದು, ಕಾಸರಗೋಡು ಕಡೆಯ ಭಟ್ ಎನ್ ಭಟ್ ಚಾನೆಲ್ಲಿನ ಹಲಸಿನ ಅಡುಗೆ ಊರೂರು ತಲುಪಿದ್ದು ಯಾವ ಟಿವಿ ಸಂಪಾದಕರ ಕೃಪೆಯಿಂದಲೂ ಅಲ್ಲ. ಇದನ್ನು ಮರೆತು ಯೂಟ್ಯೂಬನ್ನು ಬೈಯುವುದು ಕೃತಘ್ನತೆ.

ಹಾಗಾದರೆ ತಕರಾರೇನು? ಆ 55 ಎಂಬುದು ಒಂದು ಕಡೆಯವರು ತಾವೇ ಬರೆದುಕೊಂಡ ಸಂಖ್ಯೆ. ಯಾವ ಕಾನೂನಿನಲ್ಲೂ ಇಲ್ಲ, ಯಾರ ಜೊತೆಗೂ ಚೌಕಾಸಿ ಆಗಿಲ್ಲ. ಯಾವುದರ 55 ಭಾಗ ಎಂಬುದೂ ಹೊರಗಿನವರಿಗೆ ಕಾಣುವುದಿಲ್ಲ. ಯೂಟ್ಯೂಬಿಗೆ ಜಾಹೀರಾತಿನಿಂದ ಒಟ್ಟು ಎಷ್ಟು ಬರುತ್ತದೆಂದು ಗೂಗಲ್ ಮೊದಲ ಸಲ ಬಾಯಿಬಿಟ್ಟದ್ದೇ 2020ರ ಫೆಬ್ರವರಿಯಲ್ಲಿ. ಪಾಲುದಾರರು ಎಂದು ಕರೆಯಲು ಶುರುಮಾಡಿ ಹನ್ನೆರಡು ವರ್ಷ ಕಳೆದ ಮೇಲೆ! ಆಗ ಗೊತ್ತಾದದ್ದು, 2019ರಲ್ಲಿ ಬಂದದ್ದು 1,500 ಕೋಟಿ ಡಾಲರಿಗೂ ಹೆಚ್ಚು. 2024ರಲ್ಲಿ ಅದು 3,600 ಕೋಟಿ ಡಾಲರ್ ದಾಟಿತು. ಲಾಭ ಎಷ್ಟೆಂದು ಈಗಲೂ ಪ್ರತ್ಯೇಕವಾಗಿ ಹೇಳುವುದಿಲ್ಲ.

ಬೆಳಗಾವಿ, ಬಾಗಲಕೋಟೆ ಕಡೆಯ ಕಬ್ಬು ಬೆಳೆಗಾರರಿಗೆ ಈ ಪರಿಸ್ಥಿತಿಯನ್ನು ವಿವರಿಸುವ ಅಗತ್ಯವಿಲ್ಲ. ಅವರಿಗೆ ಸಿಗುವ ಎಫ್‌ಆರ್‌ಪಿ, ಅಂದರೆ ಸರ್ಕಾರ ನಿಗದಿ ಮಾಡುವ ಕಬ್ಬಿನ ದರ, ಸಕ್ಕರೆ ಇಳುವರಿಯ ಮೇಲೆ ನಿಂತಿದೆ. ಆ ಇಳುವರಿಯನ್ನು ಅಳೆಯುವುದು ಕಾರ್ಖಾನೆ, ಗಾಡಿ ತೂಗುವುದೂ ಕಾರ್ಖಾನೆಯದೇ ಕಾಟಾ. ದರ ಏರಿಸಿ ಎಂಬ ಕೂಗಿನಷ್ಟೇ ಹಳೆಯದು ತೂಕದಲ್ಲಿ, ಇಳುವರಿಯಲ್ಲಿ ಮೋಸ ಎಂಬ ದೂರು. ಆದರೆ ಅಲ್ಲಿ ಒಂದು ವ್ಯತ್ಯಾಸವಿದೆ. ಸಿ. ರಂಗರಾಜನ್ ಸಮಿತಿ 2012ರಲ್ಲಿ ಸಕ್ಕರೆ ಮತ್ತು ಉಪ ಉತ್ಪನ್ನಗಳ ಆದಾಯದಲ್ಲಿ 70 ಭಾಗ ರೈತರಿಗೆ ಎಂಬ ಸೂತ್ರ ಕೊಟ್ಟಿತು. ಮೊಲಾಸಸ್, ಬಗಾಸೆಯ ಲೆಕ್ಕ ಬಿಟ್ಟು ಬರೀ ಸಕ್ಕರೆ ಲೆಕ್ಕ ಹಿಡಿದರೆ 75 ಭಾಗ. ಕರ್ನಾಟಕ 2013ರಲ್ಲಿ ಆದಾಯ ಹಂಚಿಕೆಯ ಈ ತತ್ವವನ್ನೇ ಇಟ್ಟುಕೊಂಡು ಕಾನೂನು ಮಾಡಿತು. ಜಾರಿ ಎಷ್ಟಾಯಿತು ಎಂಬ ಪ್ರಶ್ನೆಗೆ ಮುಧೋಳದ ರೈತರು ಬೇರೆಯೇ ಉತ್ತರ ಕೊಟ್ಟಾರು. ಆದರೂ ಪಾಲು ಎಷ್ಟೆಂದು ಮೂರನೆಯವರು ಕೂತು ಲೆಕ್ಕ ಹಾಕಿದ್ದಾರೆ, ಜಗಳವಾದರೆ ಜಿಲ್ಲಾಧಿಕಾರಿಯ ಬಾಗಿಲಿಗೆ ಹೋಗಬಹುದು, ಟ್ರ್ಯಾಕ್ಟರ್ ಅಡ್ಡ ನಿಲ್ಲಿಸಿ ರಸ್ತೆ ತಡೆಯಬಹುದು. ವಿಡಿಯೊ ಮಾಡುವವರು ಯಾವ ರಸ್ತೆ ತಡೆಯಬೇಕು?

ಎಷ್ಟು ಜನರ ಪ್ರಶ್ನೆ ಇದು ಎಂಬುದಕ್ಕೆ ಕಂಪನಿಯೇ ಕೊಟ್ಟ ಅಂಕಿಗಳಿವೆ. 2025ರ ಮೇ ತಿಂಗಳಲ್ಲಿ ಮುಂಬೈಯಲ್ಲಿ ನಡೆದ ವೇವ್ಸ್ ಸಮಾವೇಶದಲ್ಲಿ ಯೂಟ್ಯೂಬ್ ಮುಖ್ಯಸ್ಥ ನೀಲ್ ಮೋಹನ್, ಹಿಂದಿನ ಮೂರು ವರ್ಷಗಳಲ್ಲಿ ಭಾರತದ ಕ್ರಿಯೇಟರುಗಳು, ಕಲಾವಿದರು, ಮಾಧ್ಯಮ ಕಂಪನಿಗಳಿಗೆ 21,000 ಕೋಟಿ ರೂಪಾಯಿಗೂ ಹೆಚ್ಚು ಕೊಟ್ಟಿದ್ದೇವೆ ಎಂದರು. ಹಿಂದಿನ ಒಂದು ವರ್ಷದಲ್ಲಿ ಭಾರತದಿಂದ ವಿಡಿಯೊ ಏರಿಸಿದ ಚಾನೆಲ್ಲುಗಳು 10 ಕೋಟಿಗೂ ಹೆಚ್ಚು, ಅವುಗಳಲ್ಲಿ ಹತ್ತು ಲಕ್ಷ ಸಬ್‌ಸ್ಕ್ರೈಬರ್ ದಾಟಿದವು 15,000ಕ್ಕೂ ಹೆಚ್ಚು ಎಂದೂ ಹೇಳಿದರು. ಹಲವು ಪತ್ರಿಕೆಗಳು 21,000 ಕೋಟಿಯನ್ನು ತಲೆಬರಹ ಮಾಡಿದವು. ಭಾಗಾಕಾರ ಮಾಡಿದವರು ಕಡಿಮೆ. ವರ್ಷಕ್ಕೆ 7,000 ಕೋಟಿಯನ್ನು 10 ಕೋಟಿ ಚಾನೆಲ್ಲಿಗೆ ಹಂಚಿದರೆ ತಲೆಗೆ 700 ರೂಪಾಯಿ, ಅದೂ ವರ್ಷಕ್ಕೆ. ಈ ಸರಾಸರಿ ಪೂರ್ತಿ ನ್ಯಾಯವಾದದ್ದಲ್ಲ, ಒಪ್ಪುತ್ತೇನೆ. ಮಗುವಿನ ಹುಟ್ಟುಹಬ್ಬದ ವಿಡಿಯೊ ಏರಿಸಿ ಮರೆತವರೂ ಆ 10 ಕೋಟಿಯಲ್ಲಿದ್ದಾರೆ. ಅದೇ ರೀತಿ ಆ 21,000 ಕೋಟಿಯಲ್ಲಿ ದೊಡ್ಡ ಸಂಗೀತ ಕಂಪನಿಗಳ, ಟಿವಿ ಚಾನೆಲ್ಲುಗಳ ಪಾಲೂ ಇದೆ. ಮನೆಯ ಮಾಳಿಗೆ ಮೇಲೆ ಟ್ರೈಪಾಡ್ ಇಟ್ಟು ಮಾತಾಡುವವರಿಗೆ ಎಷ್ಟು ಹೋಯಿತು ಎಂಬುದನ್ನು ಬಿಡಿಸಿ ಹೇಳುವುದಿಲ್ಲ.

ಹಾಗೆ ಮಾತಾಡುವವರು ಪಾಲಿನ ಸಾಲಿಗೆ ಬರಬೇಕಾದರೆ ದಾಟಬೇಕಾದ ಹೊಸ್ತಿಲಿದೆ: 1,000 ಸಬ್‌ಸ್ಕ್ರೈಬರು, ಹನ್ನೆರಡು ತಿಂಗಳಲ್ಲಿ 4,000 ಗಂಟೆ ವೀಕ್ಷಣೆ, ಇಲ್ಲವೇ 90 ದಿನದಲ್ಲಿ ಶಾರ್ಟ್ಸ್‌ಗೆ ಒಂದು ಕೋಟಿ ವ್ಯೂಸ್. ಈ ಗಂಟೆಗಳ ಹೊಸ್ತಿಲು ಬಂದದ್ದು 2018ರ ಜನವರಿಯಲ್ಲಿ. ಅದಕ್ಕೆ ಹಿಂದಿನ ವರ್ಷ ಭಯೋತ್ಪಾದಕರ ವಿಡಿಯೊಗಳ ಮೇಲೆ ದೊಡ್ಡ ದೊಡ್ಡ ಕಂಪನಿಗಳ ಜಾಹೀರಾತು ಓಡುತ್ತಿವೆಯೆಂದು ಲಂಡನ್ನಿನ ಟೈಮ್ಸ್ ಪತ್ರಿಕೆ ಬರೆದು, ಜಾಹೀರಾತುದಾರರು ಗುಂಪುಗುಂಪಾಗಿ ಕಾಲ್ತೆಗೆದಿದ್ದರು. ಅವರನ್ನು ಸಮಾಧಾನ ಮಾಡಲು ಯೂಟ್ಯೂಬ್ ಸಣ್ಣ ಚಾನೆಲ್ಲುಗಳನ್ನು ಹೊರಗಿಟ್ಟಿತು. ಅಲ್ಲಿಯತನಕ ಪುಡಿಗಾಸು ಪಡೆಯುತ್ತಿದ್ದ ಸಾವಿರಾರು ಮಂದಿಗೆ ಅದೂ ತಪ್ಪಿತು. ಇದನ್ನು ಅರ್ಥಮಾಡಿಕೊಳ್ಳಬಹುದು. ನನಗೆ ಇಂದಿಗೂ ನುಂಗಲಾಗದ್ದು 2020ರ ನವೆಂಬರಿನ ನಿಯಮ. ಅದರ ಪ್ರಕಾರ ಹೊಸ್ತಿಲು ದಾಟದ ಚಾನೆಲ್ಲಿನ ವಿಡಿಯೊದ ಮೇಲೂ ಯೂಟ್ಯೂಬ್ ಜಾಹೀರಾತು ಓಡಿಸಬಹುದು. ಅದರಲ್ಲಿ ಮಾಡಿದವರಿಗೆ ಪಾಲಿಲ್ಲ. ಜಾಹೀರಾತಿಗೆ ತಕ್ಕ ವಿಡಿಯೊ ಅಲ್ಲ ಎಂದು ಹೊರಗಿಟ್ಟ ಮೇಲೆ, ಅದೇ ವಿಡಿಯೊ ಕಂಪನಿಯ ಪಾಲಿಗೆ ಮಾತ್ರ ತಕ್ಕದ್ದಾಗುವುದು ಯಾವ ನ್ಯಾಯ? 400 ಸಬ್‌ಸ್ಕ್ರೈಬರ್ ಇಟ್ಟುಕೊಂಡು ಹವ್ಯಾಸಕ್ಕೆ ಗಮಕ ವಾಚನ ಏರಿಸುವ ನಿವೃತ್ತ ಮೇಷ್ಟರ ವಿಡಿಯೊದ ನಡುವೆ ಗುಟ್ಕಾ ಕಂಪನಿಯ ಏಲಕ್ಕಿ ಜಾಹೀರಾತು ಬಂದರೆ, ದುಡ್ಡು ಪೂರ್ತಿ ಮೇಲಿನವರದು, ಮುಜುಗರ ಪೂರ್ತಿ ಮೇಷ್ಟರದು.

ಬೇರೆ ವೇದಿಕೆಗಳು ಇದಕ್ಕಿಂತ ವಾಸಿಯೇ? ಅಲ್ಲ. ಟಿಕ್‌ಟಾಕ್ 2020ರಲ್ಲಿ 20 ಕೋಟಿ ಡಾಲರಿನ ಕ್ರಿಯೇಟರ್ ಫಂಡ್ ಘೋಷಿಸಿ ಭೇಷ್ ಅನ್ನಿಸಿಕೊಂಡಿತು. ಪಾಲು ಕೊಡುವುದರ ಬದಲು ಗಂಟು ಇಡುವ ಈ ಉಪಾಯದ ಹುಳುಕನ್ನು 2022ರ ಜನವರಿಯಲ್ಲಿ ಬಿಡಿಸಿ ತೋರಿಸಿದವರು ಅಮೆರಿಕದ ಹಳೆಯ ಯೂಟ್ಯೂಬರ್ ಹ್ಯಾಂಕ್ ಗ್ರೀನ್. ಗಂಟು ಅಷ್ಟೇ ಇರುತ್ತದೆ, ನೋಡುವವರೂ ಮಾಡುವವರೂ ಹೆಚ್ಚುತ್ತಾ ಹೋಗುತ್ತಾರೆ. ಅಂದರೆ ಕಂಪನಿ ಬೆಳೆದಷ್ಟೂ ಒಂದೊಂದು ವ್ಯೂವಿನ ಬೆಲೆ ಇಳಿಯುತ್ತದೆ. ಸಾವಿರ ವ್ಯೂಸ್‌ಗೆ ತಮಗೆ ಬರುತ್ತಿದ್ದದ್ದು ಸುಮಾರು ಎರಡೂವರೆ ಸೆಂಟ್ ಎಂದು ಅವರು ಲೆಕ್ಕ ಕೊಟ್ಟರು. ಆಮೇಲೆ ಟಿಕ್‌ಟಾಕ್ ಆ ಫಂಡನ್ನು ಅಮೆರಿಕ ಮತ್ತು ಯುರೋಪಿನ ಕೆಲ ದೇಶಗಳಲ್ಲಿ ಮುಚ್ಚಿ ಬೇರೆ ಯೋಜನೆ ತಂದಿತು. ಭಾರತದಲ್ಲಂತೂ 2020ರ ಜೂನ್ 29ರ ರಾತ್ರಿ ಆ್ಯಪ್‌ಗೇ ನಿಷೇಧ ಬಿದ್ದು, ಹಳ್ಳಿಗಾಡಿನ ಎಷ್ಟೋ ಪ್ರತಿಭಾವಂತರು ಬೆಳಗಾಗುವಷ್ಟರಲ್ಲಿ ಅಭಿಮಾನಿಗಳೇ ಇಲ್ಲದವರಾದರು. ನಿಷೇಧದ ಸರಿತಪ್ಪು ಬೇರೆ ಮಾತು. ಸಾವಿರಾರು ಗಂಟೆಯ ದುಡಿಮೆಯಿಂದ ಕಟ್ಟಿದ ಪ್ರೇಕ್ಷಕರ ಬಳಗವನ್ನು ಇನ್ನೊಂದು ಕಡೆಗೆ ಎತ್ತಿಕೊಂಡು ಹೋಗುವ ಹಾಗಿಲ್ಲ ಎಂಬುದು ಆ ರಾತ್ರಿ ಎಲ್ಲರಿಗೂ ಅರ್ಥವಾಯಿತು.

ಒಟ್ಟಾಗಿ ಕೇಳಿದರೆ ಸಿಗುತ್ತದೆಯೇ ಎಂದು ನೋಡಿದವರೂ ಉಂಟು. ಆರು ಸೆಕೆಂಡಿನ ವಿಡಿಯೊಗಳ ವೈನ್ ಎಂಬ ಆ್ಯಪ್ ನೆನಪಿದೆಯೇ? ಟ್ವಿಟರ್‌ನವರದು. 2015ರಲ್ಲಿ ಅದರ ಸುಮಾರು ಹದಿನೆಂಟು ಮಂದಿ ದೊಡ್ಡ ತಾರೆಯರು ಸೇರಿ, ನಮಗೆ ತಲಾ 12 ಲಕ್ಷ ಡಾಲರ್ ಕೊಡಿ, ತಿಂಗಳಿಗೆ ಹನ್ನೆರಡು ವಿಡಿಯೊ ಕೊಡುತ್ತೇವೆ, ಇಲ್ಲವಾದರೆ ಹೋಗುತ್ತೇವೆ ಎಂದು ಕಂಪನಿಯ ಮುಂದೆ ಕೂತರು. ಕಂಪನಿ ಒಪ್ಪಲಿಲ್ಲ. ಅವರು ಯೂಟ್ಯೂಬ್, ಇನ್‌ಸ್ಟಾಗ್ರಾಂ ಕಡೆ ಹೊರಟುಹೋದರು. ಮರುವರ್ಷ ವೈನ್ ಮುಚ್ಚುವುದಾಗಿ ಟ್ವಿಟರ್ ಘೋಷಿಸಿತು. ಕೇಳಿದ್ದು ಅತಿಯಾಯಿತು ಎಂದು ಅನ್ನಿಸಬಹುದು, ನನಗೂ ಹಾಗೇ ಅನ್ನಿಸುತ್ತದೆ. ಮೇಲಿನ ಹದಿನೆಂಟು ಮಂದಿಯ ಚೌಕಾಸಿಯಿಂದ ಕೆಳಗಿನ ಲಕ್ಷಾಂತರ ಮಂದಿಗೆ ಬಿಡಿಗಾಸೂ ಸಿಗುತ್ತಿರಲಿಲ್ಲ.

ಅದಕ್ಕಿಂತ ಕುತೂಹಲದ ಪ್ರಯತ್ನ ಜರ್ಮನಿಯದು. ಯೋರ್ಗ್ ಸ್ಪ್ರಾವೆ ಎಂಬುವರು ಚಾಟರಿಬಿಲ್ಲು, ಅಂಥವೇ ವಿಚಿತ್ರ ಆಯುಧಗಳನ್ನು ತಯಾರಿಸಿ ತೋರಿಸುವ ಯೂಟ್ಯೂಬರ್. 2017ರಲ್ಲಿ ಜಾಹೀರಾತುದಾರರು ಕಾಲ್ತೆಗೆದ ಗಲಾಟೆಯ ನಂತರ ಅವರ ಆದಾಯ ಕುಸಿಯಿತು. 2018ರಲ್ಲಿ ಅವರು ಯೂಟ್ಯೂಬರ್ಸ್ ಯೂನಿಯನ್ ಕಟ್ಟಿದರು. 2019ರ ಜುಲೈಯಲ್ಲಿ ಆ ಗುಂಪಿನ ಕೈ ಹಿಡಿದದ್ದು ಐಜಿ ಮೆಟಾಲ್, ಅಂದರೆ ಕಾರು ಮತ್ತು ಉಕ್ಕಿನ ಕಾರ್ಖಾನೆಗಳ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಕಾರ್ಮಿಕರ ಸಂಘ. ಲೇತ್ ಯಂತ್ರದ ಮುಂದೆ ನಿಲ್ಲುವವರು ಕ್ಯಾಮೆರಾ ಮುಂದೆ ನಿಲ್ಲುವವರಿಗಾಗಿ ಫೇರ್‌ಟ್ಯೂಬ್ ಎಂಬ ಚಳವಳಿ ಶುರುಮಾಡಿದರು. ಅವರ ಬೇಡಿಕೆಗಳ ಪಟ್ಟಿ ನೋಡಿದರೆ ಆಶ್ಚರ್ಯವಾಗುತ್ತದೆ. ವಿಡಿಯೊಗಳನ್ನು ವಿಂಗಡಿಸುವ ನಿಯಮಗಳನ್ನೆಲ್ಲ ಪ್ರಕಟಿಸಿ, ಆದಾಯ ನಿಲ್ಲಿಸಿದರೆ ಯಾವ ಕಾರಣಕ್ಕೆಂದು ಹೇಳಿ, ಮಾತಾಡಲು ಒಬ್ಬ ಮನುಷ್ಯನನ್ನು ಕೊಡಿ, ತಕರಾರು ಕೇಳಲು ಸ್ವತಂತ್ರ ಮಂಡಳಿ ಇರಲಿ, ನಿರ್ಧಾರ ಮಾಡುವಾಗ ನಮ್ಮ ಪ್ರತಿನಿಧಿಗಳೂ ಕೂರಲಿ. 55 ಸಾಲದು, 65 ಮಾಡಿ ಎಂಬ ಸಾಲು ಅಲ್ಲಿಲ್ಲ. ಶತಮಾನದ ಕೂಲಿ ಚೌಕಾಸಿಯ ಅನುಭವವಿರುವ ಚಳವಳಿಯೊಂದು ಮೊದಲು ಕೇಳಿದ್ದು ಕೂಲಿ ಹೆಚ್ಚಳವನ್ನಲ್ಲ, ಲೆಕ್ಕದ ಪುಸ್ತಕವನ್ನು.

ಯೂಟ್ಯೂಬ್ ಅವರ ಜೊತೆ ಒಪ್ಪಂದಕ್ಕೇನೂ ಕೂರಲಿಲ್ಲ. ಆದರೆ ಆ ಬೇಡಿಕೆಗಳ ಆಸುಪಾಸಿನದು ಯುರೋಪಿನ ಕಾನೂನಿನಲ್ಲಿ ಒಂದೊಂದಾಗಿ ಬಂತು. 2020ರ ಜುಲೈನಿಂದ ಅಲ್ಲಿ ಜಾರಿಯಾದ ನಿಯಮದಂತೆ, ವೇದಿಕೆಯ ಮೂಲಕ ವ್ಯವಹಾರ ಮಾಡುವವರ ಖಾತೆ ಪೂರ್ತಿ ಮುಚ್ಚುವ ಮೊದಲು ಕಾರಣ ಸಹಿತ 30 ದಿನ ಮುಂಚೆ ತಿಳಿಸಬೇಕು. 2024ರ ಫೆಬ್ರವರಿಯಿಂದ ಪೂರ್ಣವಾಗಿ ಜಾರಿಯಾದ ಡಿಜಿಟಲ್ ಸರ್ವಿಸಸ್ ಆ್ಯಕ್ಟ್ ಇನ್ನೂ ಮುಂದೆ ಹೋಗಿ, ವಿಡಿಯೊ ತೆಗೆದಾಗ ಮಾತ್ರವಲ್ಲ, ಅದರ ಮೇಲಿನ ಹಣ ನಿಲ್ಲಿಸಿದಾಗಲೂ ಲಿಖಿತ ಕಾರಣ ಕೊಡಬೇಕು, ಅದು ಯಂತ್ರದ ತೀರ್ಮಾನವೋ ಎಂದು ಹೇಳಬೇಕು ಎನ್ನುತ್ತದೆ. ಕಂಪನಿಯ ಹೊರಗಿನ ವ್ಯಾಜ್ಯ ಪರಿಹಾರ ಸಂಸ್ಥೆಗೆ ಹೋಗುವ ಹಕ್ಕೂ ಇದೆ.

ಕಾರಣ ಯಾಕೆ ಅಷ್ಟು ಮುಖ್ಯ ಎಂದು ಹಳದಿ ಡಾಲರ್ ಕಂಡವರಿಗೆ ಗೊತ್ತು. ವಿಡಿಯೊ ಪಕ್ಕದ ಹಸಿರು ಡಾಲರ್ ಗುರುತು ಹಳದಿಯಾದರೆ ‘ಎಲ್ಲ ಜಾಹೀರಾತುದಾರರಿಗೆ ಹೊಂದುವುದಿಲ್ಲ’ ಎಂದರ್ಥ. ಆದಾಯ ಬಹಳಷ್ಟು ಬಿದ್ದುಹೋಗುತ್ತದೆ. ಮರುಪರಿಶೀಲನೆಗೆ ಹಾಕಬಹುದು, ಹಸಿರು ಆಗಲೂಬಹುದು. ಆದರೆ ವಿಡಿಯೊಗೆ ಜನ ಮುಗಿಬೀಳುವುದು ಮೊದಲ ಒಂದೆರಡು ದಿನ. ಮೂರನೇ ದಿನ ಬಂದ ಹಸಿರು, ಬಸ್ಸು ಹೋದ ಮೇಲೆ ಸಿಕ್ಕಿದ ಚಿಲ್ಲರೆ.

ಇದಕ್ಕಿಂತ ಕ್ರೂರವಾದದ್ದು ಹಕ್ಕುಸ್ವಾಮ್ಯದ ಯಂತ್ರ. ಕಂಟೆಂಟ್ ಐಡಿ ಎಂಬ ವ್ಯವಸ್ಥೆ, ಹಾಡು ಮತ್ತು ಸಿನಿಮಾಗಳ ಒಡೆಯರು ಕೊಟ್ಟ ಮಾದರಿಗಳ ಜೊತೆ ಏರಿಸಿದ ಪ್ರತಿ ವಿಡಿಯೊವನ್ನೂ ಹೋಲಿಸಿ ನೋಡುತ್ತದೆ. ಹೊಂದಿದರೆ ಆ ವಿಡಿಯೊದ ಆದಾಯ ಒಡೆಯರ ಕಡೆ ತಿರುಗುತ್ತದೆ. ಕಷ್ಟಪಟ್ಟು ಹಾಡು ಮಾಡಿದವರಿಗೆ ಇದು ರಕ್ಷಣೆ, ಅನುಮಾನವಿಲ್ಲ. ಆದರೆ ಪುರಂದರದಾಸರ ಕೀರ್ತನೆಯನ್ನು ತಾನೇ ತಂಬೂರಿ ಹಿಡಿದು ಹಾಡಿ ಏರಿಸಿದ ಹುಡುಗಿಗೂ, ಅದೇ ಕೀರ್ತನೆಯ ಧ್ವನಿಮುದ್ರಣ ಇಟ್ಟುಕೊಂಡ ಕಂಪನಿಯ ಹೆಸರಿನಲ್ಲಿ ಕ್ಲೇಮ್ ಬರುವುದುಂಟು. ನಮ್ಮ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಸಾಹಿತ್ಯ, ಸಂಗೀತದ ಹಕ್ಕು ಕರ್ತೃ ಸತ್ತ 60 ವರ್ಷಕ್ಕೆ ಮುಗಿಯುತ್ತದೆ. ದಾಸರು ಹೋಗಿ ನಾನೂರೈವತ್ತು ವರ್ಷ ದಾಟಿದೆ. ಯಂತ್ರಕ್ಕೆ ಅದು ಗೊತ್ತಿಲ್ಲ. ತಕರಾರು ಹಾಕಿದರೆ ಅದನ್ನು ಮೊದಲು ಪರಿಶೀಲಿಸುವುದು ಕ್ಲೇಮ್ ಹಾಕಿದ ಕಂಪನಿಯೇ. ಕ್ಲೇಮ್‌ಗಿಂತ ಭಯಾನಕವಾದದ್ದು ಸ್ಟ್ರೈಕ್, ಅಂದರೆ ಹಕ್ಕುಸ್ವಾಮ್ಯ ಮುರಿದಿದ್ದೀರೆಂಬ ಎಚ್ಚರಿಕೆ. 90 ದಿನದೊಳಗೆ ಮೂರು ಬಿದ್ದರೆ ಚಾನೆಲ್ಲೇ ಹೋಗುತ್ತದೆ. 2025ರ ಮೇ ತಿಂಗಳಲ್ಲಿ ಹಿಂದಿಯ ಯೂಟ್ಯೂಬರ್ ಮೋಹಕ್ ಮಂಗಲ್, ಕೆಲವೇ ಸೆಕೆಂಡುಗಳ ತುಣುಕು ಬಳಸಿದ್ದಕ್ಕೆ ಎಎನ್‌ಐ ಸುದ್ದಿಸಂಸ್ಥೆ ಸ್ಟ್ರೈಕ್ ಹಾಕಿ, ತೆಗೆಯಲು ಲಕ್ಷಗಟ್ಟಲೆ ಲೈಸೆನ್ಸ್ ಶುಲ್ಕ ಕೇಳಿತೆಂದು ಆರೋಪಿಸಿದರು. ಸಂಸ್ಥೆ ತನ್ನ ಕಾನೂನುಬದ್ಧ ಹಕ್ಕನ್ನಷ್ಟೇ ಚಲಾಯಿಸುತ್ತಿದ್ದೇನೆಂದು ಹೇಳಿ ದೆಹಲಿ ಹೈಕೋರ್ಟಿನಲ್ಲಿ ಮಾನನಷ್ಟದ ದಾವೆ ಹೂಡಿತು. ಸುದ್ದಿ, ವಿಮರ್ಶೆಗೆ ನ್ಯಾಯಯುತ ಬಳಕೆಯ ಅವಕಾಶವನ್ನು 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಂ ಕೊಟ್ಟಿದೆ. ಅದು ಎಷ್ಟು ಸೆಕೆಂಡಿನವರೆಗೆ ಎಂದು ಹೇಳಬೇಕಾದದ್ದು ನ್ಯಾಯಾಲಯ. ಆದರೆ ನ್ಯಾಯಾಲಯ ತೀರ್ಪು ಕೊಡುವಷ್ಟರಲ್ಲಿ 90 ದಿನ ಎಷ್ಟು ಸಲ ಕಳೆದಿರುತ್ತದೆ!

ಡಾಲರ್ ಲೆಕ್ಕದ ಸಣ್ಣಪುಟ್ಟ ಕಿರಿಕಿರಿಗಳನ್ನು ಇಲ್ಲಿ ಬೆಳೆಸುವುದಿಲ್ಲ. ಒಂದು ಮಾತ್ರ ಹೇಳಬೇಕು, ಕನ್ನಡದವರು ಹಲವರು ಇದರಲ್ಲಿ ದುಡ್ಡು ಕಳೆದುಕೊಳ್ಳುತ್ತಾರೆ. 2021ರ ಜೂನ್‌ನಿಂದ, ಅಮೆರಿಕದಲ್ಲಿರುವವರು ನೋಡಿದ್ದರಿಂದ ಬಂದ ಆದಾಯದ ಮೇಲೆ ಗೂಗಲ್ ಅಲ್ಲಿನ ತೆರಿಗೆ ಹಿಡಿಯುತ್ತದೆ. ಗೂಗಲ್ ದುಡ್ಡು ಕಳಿಸುವ ಆಡ್‌ಸೆನ್ಸ್ ಖಾತೆಯಲ್ಲಿ ತೆರಿಗೆ ಫಾರಂ ತುಂಬಿ ಪ್ಯಾನ್ ಸಂಖ್ಯೆ ಕೊಟ್ಟು ಎರಡು ದೇಶಗಳ ಒಪ್ಪಂದದ ಲಾಭ ಪಡೆದರೆ ಅಮೆರಿಕದ ಆದಾಯದ ಮೇಲೆ ಶೇ 15. ಫಾರಂ ತುಂಬದೇ ಬಿಟ್ಟರೆ ಇಡೀ ಜಗತ್ತಿನ ಆದಾಯದ ಮೇಲೆ ಶೇ 24ರವರೆಗೆ ಹಿಡಿಯಬಹುದು. ಅರ್ಧ ಗಂಟೆಯ ಕೆಲಸ, ಇವತ್ತೇ ಮಾಡಿ.

ನಮ್ಮಲ್ಲಿ ಕಾನೂನು ಪೂರ್ತಿ ಮೌನವಾಗಿದೆ ಎನ್ನುವಂತಿಲ್ಲ. ಸಿನಿಮಾ ಹಾಡು ಬರೆದವರ, ರಾಗ ಹಾಕಿದವರ ಹಕ್ಕನ್ನೆಲ್ಲ ನಿರ್ಮಾಪಕರು ಒಂದು ಸಹಿಯಲ್ಲಿ ಬರೆಸಿಕೊಳ್ಳುತ್ತಿದ್ದ ಕಾಲವಿತ್ತು. ಕೃತಿಸ್ವಾಮ್ಯ ಕಾಯ್ದೆಯ 2012ರ ತಿದ್ದುಪಡಿ ಅದಕ್ಕೆ ಕಡಿವಾಣ ಹಾಕಿತು. ಥಿಯೇಟರಿನಾಚೆ ಹಾಡು ಬಳಕೆಯಾದಾಗ ಬರುವ ರಾಯಲ್ಟಿಯಲ್ಲಿ ಸಾಹಿತಿ, ಸಂಗೀತಗಾರರಿಗೆ ಸಮಪಾಲು, ಅದನ್ನು ಅವರು ತಾವಾಗಿ ಬಿಟ್ಟುಕೊಡುತ್ತೇನೆಂದರೂ ಬಿಡುವಂತಿಲ್ಲ. ಹಿಂದಿ ಚಿತ್ರಗೀತೆಗಳ ಕವಿ ಜಾವೇದ್ ಅಖ್ತರ್ ರಾಜ್ಯಸಭೆಯಲ್ಲಿ ಇದಕ್ಕಾಗಿ ಗಟ್ಟಿ ದನಿ ಎತ್ತಿದ್ದರು. ಬಲಾಢ್ಯರ ಎದುರು ಬಡವರು ಹಾಕುವ ಸಹಿ ನಿಜವಾದ ಒಪ್ಪಿಗೆಯಲ್ಲ ಎಂದು ಸಂಸತ್ತೇ ಒಪ್ಪಿಕೊಂಡಂತೆ ಇದು. ‘ಐ ಅಗ್ರೀ’ ಒತ್ತದೆ ಚಾನೆಲ್ ತೆರೆಯಲಾಗದವರ ಸ್ಥಿತಿ ಅದಕ್ಕಿಂತ ಎಷ್ಟು ಬೇರೆ?

ಇನ್ನೊಂದು ಬಾಗಿಲು ಅರೆ ತೆರೆದಿದೆ. ಕೇಂದ್ರದ 2020ರ ಸಾಮಾಜಿಕ ಭದ್ರತಾ ಸಂಹಿತೆ 2025ರ ನವೆಂಬರಿನಲ್ಲಿ ಜಾರಿಗೆ ಬಂತು. ಕರ್ನಾಟಕ ಅದೇ ವರ್ಷ ಗಿಗ್ ಕಾರ್ಮಿಕರಿಗಾಗಿ ತನ್ನದೇ ಕಾಯ್ದೆ ಮಾಡಿತು. ಪ್ರತಿ ವಹಿವಾಟಿಗೆ ಶೇ 1ರಿಂದ 5ರಷ್ಟು ಕಲ್ಯಾಣ ಶುಲ್ಕ, ಕೆಲಸದಿಂದ ತೆಗೆಯಲು ಲಿಖಿತ ಕಾರಣ, 14 ದಿನಗಳ ನೋಟಿಸು, ಯಂತ್ರ ಹೇಗೆ ತೀರ್ಮಾನ ಮಾಡುತ್ತದೆಂಬ ಮಾಹಿತಿ, ಇವೆಲ್ಲ ಅದರಲ್ಲಿವೆ. ಎಲ್ಲರೂ ಇವೆರಡನ್ನೂ ಊಟ ತರುವ ಹುಡುಗರ, ಕ್ಯಾಬ್ ಚಾಲಕರ ಕಾನೂನುಗಳೆಂದು ತಿಳಿದಿದ್ದಾರೆ. ಕೇಂದ್ರ ಸಂಹಿತೆಯ ಏಳನೇ ಅನುಸೂಚಿಯನ್ನು ಕೊನೆಯವರೆಗೆ ಓದಿದರೆ, ಕ್ಯಾಬು, ಊಟ, ಸರಕು ಸಾಗಣೆ, ಆರೋಗ್ಯ, ಪ್ರವಾಸ ಎಲ್ಲ ಮುಗಿದ ಮೇಲೆ ಎಂಟನೆಯದಾಗಿ ‘ಕಂಟೆಂಟ್ ಮತ್ತು ಮಾಧ್ಯಮ ಸೇವೆಗಳು’ ಎಂದಿದೆ. ಯೂಟ್ಯೂಬರುಗಳನ್ನು ಮನಸ್ಸಿನಲ್ಲಿಟ್ಟೇ ಬರೆದರೋ, ಪಟ್ಟಿ ತುಂಬಿಸಲು ಬರೆದರೋ, ಪದ ಅಲ್ಲಿದೆ. ಆದರೆ ವ್ಯಾಖ್ಯೆಗಳು ನಿಂತಿರುವುದು ವೇದಿಕೆ ಕೆಲಸ ಕೊಡುತ್ತದೆ, ಕೆಲಸಗಾರ ಮಾಡುತ್ತಾನೆ, ಇಷ್ಟು ದರ ಎಂಬ ಚಿತ್ರದ ಮೇಲೆ. ವಿಡಿಯೊ ಮಾಡಿ ಎಂದು ಯೂಟ್ಯೂಬ್ ಯಾರಿಗೂ ಹೇಳುವುದಿಲ್ಲ, ದರವಂತೂ ಮೊದಲೇ ಇಲ್ಲ. ಯೂಟ್ಯೂಬರುಗಳಲ್ಲೂ ಹೆಚ್ಚಿನವರು ತಮ್ಮನ್ನು ಕಾರ್ಮಿಕರೆಂದು ಕರೆದರೆ ಮುಖ ಸಿಂಡರಿಸುತ್ತಾರೆ, ‘ನಾನು ಕ್ರಿಯೇಟರ್’ ಅನ್ನುತ್ತಾರೆ. ಸಂಘ ಕಟ್ಟಿಕೊಳ್ಳದವರ ಪರವಾಗಿ ಕಾನೂನು ತಾನಾಗಿ ನಡೆದು ಬರುವುದಿಲ್ಲ. ಪಾಲು ಏರಿಸಿ ಎಂದು ಕೇಳುವ ಮೊದಲು, ಹಣ ನಿಲ್ಲಿಸಿದರೆ ಕಾರಣ, ನಿಯಮ ಬದಲಿಸುವ ಮೊದಲು ನೋಟಿಸು, ಯಂತ್ರದ ಮೇಲೆ ಮನುಷ್ಯರ ಎದುರು ಅಪೀಲು, ಇಷ್ಟನ್ನಾದರೂ ಆ ಎಂಟನೇ ಸಾಲು ಹಿಡಿದು ಕೇಳಬಹುದು. ಕಂಪನಿಗಳಿಗೆ ಇದು ಅಸಾಧ್ಯವೇನಲ್ಲ, ಯುರೋಪಿನಲ್ಲಿ ಈಗಾಗಲೇ ಮಾಡಬೇಕಾಗಿದೆ.

ಕೊನೆಗೆ ಕೆಲವರಿಗೆ ಹಿಡಿಸದ ಒಂದು ಮಾತು. ಪಾಲಿನ ಪ್ರಶ್ನೆ ಚಾನೆಲ್ ಮಾಲೀಕರ ಖಾತೆಗೆ ದುಡ್ಡು ಬಿದ್ದಲ್ಲಿಗೆ ಮುಗಿಯುವುದಿಲ್ಲ. ರಾತ್ರಿಯೆಲ್ಲ ಕೂತು ಎಡಿಟ್ ಮಾಡುವ ಹುಡುಗನಿಗೆ ವಿಡಿಯೊಗೆ ಇಷ್ಟೆಂದು ಕೊಟ್ಟು ಕಳಿಸುತ್ತಾರೆ. ಆ ವಿಡಿಯೊ ಐದು ವರ್ಷ ದುಡಿಯುತ್ತಲೇ ಇರುತ್ತದೆ. ಅಡುಗೆ ಮಾಡಿ ತೋರಿಸುವ ಅಜ್ಜಿಯ ಹೆಸರು ಥಂಬ್‌ನೇಲಿನಲ್ಲಿರುತ್ತದೆ, ಬ್ಯಾಂಕ್ ಖಾತೆ ಮೊಮ್ಮಗನದು. ಯಕ್ಷಗಾನದ ರಂಗಸ್ಥಳದ ಮುಂದೆ ಫೋನು ಹಿಡಿದು ಇಡೀ ಪ್ರಸಂಗವನ್ನು ಚಿತ್ರಿಸಿ ಏರಿಸಿ ಆದಾಯ ಮಾಡುವವರಿದ್ದಾರೆ. ಭಾಗವತರಿಗಾಗಲಿ ಚೆಂಡೆಯವರಿಗಾಗಲಿ ವೇಷಧಾರಿಗಳಿಗಾಗಲಿ ಅದರಲ್ಲಿ ಒಂದು ಪೈಸೆ ಹೋಗುವುದಿಲ್ಲ. ಕೃತಿಸ್ವಾಮ್ಯ ಕಾಯ್ದೆ ಪ್ರದರ್ಶಕರು ಯಾರೆಂದು ಪಟ್ಟಿ ಮಾಡುವಾಗ ನಟ, ಗಾಯಕ, ನರ್ತಕನ ಜೊತೆಗೆ ಹಾವಾಡಿಗರನ್ನೂ ದೊಂಬರನ್ನೂ ಸೇರಿಸಿದೆ. ಅವರ ಪ್ರದರ್ಶನವನ್ನು ಅನುಮತಿಯಿಲ್ಲದೆ ಚಿತ್ರಿಸಿ ಸಾರ್ವಜನಿಕರಿಗೆ ತಲುಪಿಸುವಂತಿಲ್ಲ. ಆ ಹಕ್ಕು 50 ವರ್ಷ ಅವರದೇ. ಯೂಟ್ಯೂಬ್ ಲೆಕ್ಕ ಕೊಡುವುದಿಲ್ಲ ಎಂದು ದೂರುವ ಚಾನೆಲ್ ಮಾಲೀಕರಲ್ಲಿ ಎಷ್ಟು ಮಂದಿ ತಮ್ಮ ಎಡಿಟರಿಗೆ, ಕ್ಯಾಮೆರಾದವರಿಗೆ, ಹಾಡಿದವರಿಗೆ ತಿಂಗಳ ಆಡ್‌ಸೆನ್ಸ್ ಪುಟ ತೆರೆದು ತೋರಿಸಿದ್ದಾರೆ? ಒಂದು ಹಾಳೆಯಲ್ಲಿ ಯಾರಿಗೆ ಎಷ್ಟು ಪಾಲು, ಎಷ್ಟು ವರ್ಷ ಎಂದು ಬರೆದು ಇಬ್ಬರೂ ಸಹಿ ಹಾಕಿಕೊಳ್ಳಲು ಯಾವ ಹೊಸ ಕಾನೂನೂ ಬೇಕಿಲ್ಲ, ಕ್ಯಾಲಿಫೋರ್ನಿಯಾದಲ್ಲಿ ಕೂತ ಯೂಟ್ಯೂಬಿನವರ ಒಪ್ಪಿಗೆಯೂ ಬೇಕಿಲ್ಲ.